ಒಂದು ತಾಸು ಮೊದಲು ಬರುವ ಹೆಜ್ಜೆ

ಕ್ಯಾಪ್ಟನ್ ವಾಸುಕಿ ನನ್ನ ಮನೆಯ ಮೇಲೆ ಮೊದಲ ಸಲ ದಾಳಿ ಮಾಡಿದ ದಿನ ನಾನು ಅರವತ್ತೆರಡು ಮಂದಿಗೆ ಅಡುಗೆ ಮಾಡಿಟ್ಟು ಕಾಯುತ್ತಾ ಕುಳಿತಿದ್ದೆ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು. ಖಾನಾವಳಿ ನಡೆಸುವವಳು ನಾನು, ಬಂಗಾರೆವ್ವ ಅಂದರೆ ನಾಲ್ಕೂರಿಗೆ ಗೊತ್ತು, ಆದರೂ ಕೋಳಿ ಕೂಗುವ ಹೊತ್ತಿನಲ್ಲಿ ಅರವತ್ತೆರಡು ಮಂದಿಯ ರೊಟ್ಟಿ ಒಂದೇ ಒಲೆಯ ಮೇಲೆ ಆಗುವ ಮಾತೇ? ಓಣಿಯ ಆರು ಮನೆ ಹೆಂಗಸರನ್ನು ಎಬ್ಬಿಸಿ ಆರು ಒಲೆ ಹೊತ್ತಿಸಿದೆ. ಅವರೆಲ್ಲ ಬೈಯುತ್ತಲೇ ರೊಟ್ಟಿ ಬಡಿದರು. ರಬ್ಬರಿನ ಬೂಟು ಹಾಕಿಕೊಂಡು, ಉಸಿರು ಬಿಗಿಹಿಡಿದು, ಬಂದೂಕು ಮುಂದೆ ಹಿಡಿದು ಸಿಪಾಯಿಗಳು ಮನೆ ಸುತ್ತುವರಿದು ಬಾಗಿಲು ಒದ್ದರು. ಬಾಗಿಲು ತೆರೆದೇ ಇತ್ತು. ಒದ್ದವನು ಪಾಪ ಮುಗ್ಗರಿಸಿ ಚಟ್ನಿಯ ಬೋಗುಣಿಯ ಪಕ್ಕಕ್ಕೆ ಬಂದು ಬಿದ್ದ.

ನಮ್ಮೂರಲ್ಲಿ ಮೊದಲು ಹೆಜ್ಜೆ ಬರುತ್ತದೆ, ಒಂದು ತಾಸಿನ ಮೇಲೆ ಮನುಷ್ಯ ಬರುತ್ತಾನೆ. ಯಾರು ಯಾವ ಹೊಸ್ತಿಲಿಗೆ ಬರಲಿದ್ದಾರೋ ಆ ಹೊಸ್ತಿಲಲ್ಲಿ ಅವರ ಹೆಜ್ಜೆಯ ಸದ್ದು ಮುಂಚೆಯೇ ಕೇಳುತ್ತದೆ. ಸದ್ದು ಕೇಳಿತೆಂದರೆ ಬಂದೇ ಬರುತ್ತಾರೆ, ಒಂದು ಸಲವೂ ತಪ್ಪಿಲ್ಲ. ಆದ್ದರಿಂದ ಎಷ್ಟು ಹೆಜ್ಜೆ ಕೇಳಿತೋ ಅಷ್ಟು ಮಂದಿಗೆ ಒಲೆ ಹೊತ್ತಿಸುವುದು ನಮ್ಮಲ್ಲಿ ಪದ್ಧತಿ. ಹೆಜ್ಜೆ ಕೇಳಿಯೂ ಅಡುಗೆ ಮಾಡದವಳ ಮನೆಗೆ ಹೆಣ್ಣು ಕೊಡುವುದಿಲ್ಲ. ಅತ್ತೆಯ ಹೆಜ್ಜೆ ಕೇಳಿ ಕಸ ಗುಡಿಸುವ ಸೊಸೆಯಂದಿರು, ಹೆಂಡತಿಯ ಹೆಜ್ಜೆ ಕೇಳಿ ಇಸ್ಪೀಟು ಮುಚ್ಚಿಡುವ ಗಂಡಂದಿರು, ವರನ ಕಡೆಯವರ ಹೆಜ್ಜೆ ಎಣಿಸಿ ಎಣಿಸಿ ಚಾಪೆ ಹಾಸುವ ಬೀಗರು, ಇದೆಲ್ಲ ನಮಗೆ ದಿನದ ಮಾತು. ಹೊರಗಿನಿಂದ ಬಂದವರಿಗೆ ಮಾತ್ರ ತಲೆ ಕೆಡುತ್ತದೆ.

ಕ್ಯಾಪ್ಟನ್ನರ ತಲೆಯೂ ಕೆಟ್ಟಿತು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಎಳೆ ಮೀಸೆ, ದಕ್ಷಿಣದ ಕಡೆಯ ಮಾತು. "ಯಾರಮ್ಮ ನಿಮಗೆ ಸುದ್ದಿ ಕೊಟ್ಟೋರು? ಹೆಸರು ಹೇಳಿ!" ಎಂದು ಅಬ್ಬರಿಸಿದರು.

"ನಿಮ್ಮ ಬೂಟ," ಎಂದೆ. "ಕೈ ತೊಳಕೊಂಡು ಕುಂದರ್ರಿ ಸಾಹೇಬ್ರ, ರೊಟ್ಟಿ ಆರ್ತಾವ."

ಅವರು ಕೂರಲಿಲ್ಲ. ಮೂಲೆ ಮೂಲೆ ಹುಡುಕಿಸಿದರು, ಕಣಜಕ್ಕೆ ಇಣುಕಿಸಿದರು, ನನ್ನ ತಮ್ಮ ಫಕೀರಪ್ಪ ಅಲ್ಲಿರಲಿಲ್ಲ. ಅಷ್ಟರಲ್ಲಿ ಸಿಪಾಯಿಗಳ ಮೂಗಿಗೆ ಎಣಗಾಯಿಯ ವಾಸನೆ ಹೋಗಿ ಅವರ ಕಾಲು ಅಲ್ಲಲ್ಲೇ ನಿಂತವು. ಸುಬೇದಾರ್ ಹುಸೇನಸಾಬ, ಬಿಳಿ ಮೀಸೆಯ ಹಿರಿಯ, ಕ್ಯಾಪ್ಟನ್ನರ ಮುಖ ನೋಡಿ, "ಹುಕುಂ ಆದ್ರ ಉಂತೀವ್ರಿ," ಎಂದ. ಅವರು ತಲೆಯಾಡಿಸಿದರು. ಆಮೇಲೆ ನಾನು ಕಂಡದ್ದನ್ನು ಈಗಲೂ ಮರೆತಿಲ್ಲ. ಅರವತ್ತೊಂದು ಮಂದಿ ಉಂಡು ಏಳುವ ತನಕ ಆ ಹುಡುಗ ಕಂಬಕ್ಕೆ ಒರಗದೆ ನಿಂತೇ ಇದ್ದ. ಎಲ್ಲರದೂ ಆದ ಮೇಲೆ ಕೊನೆಗೆ ಕೂತು, ತಣ್ಣಗಾದ ರೊಟ್ಟಿ ತಿಂದು, "ಪಲ್ಯ ಚೆನ್ನಾಗಿದೆ" ಎಂದು ನೆಲ ನೋಡುತ್ತಾ ಹೇಳಿದ. ನನ್ನ ತಮ್ಮನನ್ನು ಹಿಡಿಯಲು ಬಂದವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆ ದಿನ ನನಗೆ ಸಿಟ್ಟು ಬರಲಿಲ್ಲ, ಥೂ ನನ್ನ!

ಫಕೀರಪ್ಪನದು ಏನೆಂದು ಹೇಳಿಬಿಡುತ್ತೇನೆ. ಊರ ಆಚೆ ನಮ್ಮ ಗೋಮಾಳವಿದೆ. ಅಲ್ಲಿ ತೋಪು ಹಾರಿಸುವ ತಾಲೀಮು ಮಾಡಬೇಕೆಂದು ಸೈನ್ಯದವರು ಗಡಿಕಲ್ಲು ನೆಟ್ಟರು. ನಮ್ಮವರು ಕಿತ್ತು ಬಾವಿಗೆ ಹಾಕಿದರು. ಕಿತ್ತವರ ಮೇಲೆ ವಾರಂಟು ಬಂತು. ಹನ್ನೊಂದು ಮಂದಿ ಆರು ಹಳೆಯ ಬಂದೂಕು ಹಿಡಿದು ಗುಡ್ಡ ಹತ್ತಿದರು. ಅವರ ಮುಂದಾಳು ನನ್ನ ತಮ್ಮ, ಆ ಹನ್ನೊಂದರಲ್ಲಿ ಅವನ ಹೆಂಡತಿ ಸಾವಂತ್ರಿಯೂ ಇದ್ದಳು. ಆಗಿನಿಂದ ಮೂರು ವರ್ಷ ಒಂದಾದ ಮೇಲೊಂದು ದಂಡು ಬಂದು ಹೋಯಿತು. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ, ನನ್ನ ಸೊಂಟದ ಮೇಲೆ ಬೆಳೆದವನು. ಮೂರು ವರ್ಷದಲ್ಲಿ ಅವನ ಹೆಜ್ಜೆ ಒಂದು ಸಲವೂ ನನ್ನ ಹೊಸ್ತಿಲಿಗೆ ಬರಲಿಲ್ಲ. ಹೇಗೆ ಬಂದೀತು? ಮನೆ ಮುಂದೆ ಸದಾ ಕಾವಲು. ಅವನು ಬರುವುದು ಒಂದು ತಾಸು ಮೊದಲೇ ಕಾವಲಿನವರಿಗೆ ಕೇಳುತ್ತದೆ, ಬಂದರೆ ಸಿಕ್ಕಿಬೀಳುತ್ತಾನೆ, ಅದು ಅವನಿಗೆ ಗೊತ್ತು. ಊರಿನ ಈ ಗುಣವನ್ನು ನಾನು ಜೀವನದಲ್ಲಿ ಮೊದಲ ಸಲ ಶಪಿಸಿದ್ದು ಆಗ. ಹೋದ ಒಂದು ವರ್ಷದಿಂದಂತೂ ಅವನು ಕುರಿ ಕಾಯುವ ಯಮನೂರಿಯ ಕೈಯಲ್ಲಿ ಒಂದು ಮಾತು ಕೂಡ ಹೇಳಿಕಳಿಸಿರಲಿಲ್ಲ. ಬದುಕಿದ್ದಾನೆ ಎನ್ನುವುದಷ್ಟೇ ಗೊತ್ತಿತ್ತು. ಯಾಕೆ ಮುನಿದಿದ್ದಾನೆಂದು ತಿಳಿಯದೆ ಎಷ್ಟು ಅತ್ತಿದ್ದೇನೋ.

ಕ್ಯಾಪ್ಟನ್ನರ ದಂಡು ಹಳೆಯ ಚಾವಡಿಯಲ್ಲಿ ಬಿಡಾರ ಹೂಡಿತು. ಹೆಜ್ಜೆಯ ವಿಷಯ ಅವರಿಗೆ ಅರ್ಥವಾಗಲು ಹದಿನೈದು ದಿನ ಬೇಕಾಯಿತು. ಅರ್ಥವಾದ ಮೇಲೂ ಬಿಡಲಿಲ್ಲ, ಹುಡುಗುಬುದ್ಧಿ. ಬರಿಗಾಲಲ್ಲಿ ಬಂದರು, ಆ ದಿನ ಮಜ್ಜಿಗೆ ಅನ್ನ ಮಾಡಿದೆ. ಹಿಮ್ಮುಖವಾಗಿ ನಡೆದು ಬಂದರು, ಹೋದವರ ಸದ್ದು ಅಂದುಕೊಳ್ಳಲಿ ಎಂದು. ಹಿಮ್ಮಡಿ ಮೊದಲು ಊರಿದ್ದು ಕೇಳಿ ಓಣಿಯ ಹೆಂಗಸರೆಲ್ಲ ನಕ್ಕು ನಕ್ಕು ಸುಸ್ತಾದರು. ಎತ್ತಿನ ಗಾಡಿಯಲ್ಲಿ ಹುಲ್ಲಿನ ಕೆಳಗೆ ಮಲಗಿ ಬಂದರು. ಎತ್ತಿಗೂ ಕಾಲಿರುತ್ತವಲ್ಲ, ಎರಡು ಹೊರೆ ಮೇವು ತಂದಿಟ್ಟೆ. ಕಡೆಗೆ ಸೈಕಲ್ಲು. ಒಬ್ಬ ಸಿಪಾಯಿ ಇಳಿಯದೆ ಸೀದಾ ಹೊಸ್ತಿಲು ಹಾರಿಸಿ ಒಳಗೆ ಬಂದು ಬೀಸುವ ಕಲ್ಲಿಗೆ ಗುದ್ದಿಕೊಂಡ. ಅವನ ಹೆಜ್ಜೆ ನನಗೆ ಕೇಳಿರಲಿಲ್ಲ, ಹಾಗಾಗಿ ಅವನ ಪಾಲಿನ ಅಡುಗೆಯೂ ಇರಲಿಲ್ಲ. ನಾಚಿಕೆಯಿಂದ ಸಾಯುವಂತಾಯಿತು. ನನ್ನ ತಾಟನ್ನೇ ಅವನ ಮುಂದಿಟ್ಟು, "ಇನ್ನೊಮ್ಮೆ ಹಿಂಗ ಬರಬ್ಯಾಡಪಾ, ನಡಕೊಂಡ ಬಾ," ಎಂದು ಕೈಮುಗಿದೆ. ಅದನ್ನು ಕಂಡು ಕ್ಯಾಪ್ಟನ್ ನಕ್ಕರು. ಅಂದಿನಿಂದ ದಾಳಿ ನಿಂತು ಊಟ ಶುರುವಾಯಿತು. ದಿನವೂ ಮಧ್ಯಾಹ್ನ ಇಡೀ ದಂಡು ನನ್ನ ಖಾನಾವಳಿಗೇ ಬರುತ್ತಿತ್ತು. ಆದರೆ ಬಾಗಿಲ ಕಾವಲು ಮಾತ್ರ ಹೋಗಲಿಲ್ಲ.

ಹೀಗೆ ಮೂರು ತಿಂಗಳಾಯಿತು. ಯುಗಾದಿಗೆ ಇನ್ನು ಹದಿನೈದು ದಿನವಿರುವಾಗ ಒಂದು ಬೆಳಗ್ಗೆ ಹೊಸ ಹೆಜ್ಜೆ ಕೇಳಿತು, ಭಾರದ ಬೂಟು, ಜೊತೆಗೆ ಬೆತ್ತ ಊರುವ ಸದ್ದು. ಒಂದು ತಾಸಿಗೆ ಜೀಪಿನಿಂದ ಇಳಿದವರು ಕರ್ನಲ್ ದಿಗಂಬರ ರಾವ್. ಅಗಲವಾದ ಟೋಪಿ, ಅದಕ್ಕೆ ಕೆಂಪು ಪಟ್ಟಿ, ಜರಿಯ ಕಸೂತಿ. ಯುದ್ಧಶಾಸ್ತ್ರದ ಮೇಲೆ ಪುಸ್ತಕ ಬರೆದವರಂತೆ. ಊಟಕ್ಕೆ ಕೂತವರೇ ನನ್ನ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು ಮೇಜಿನ ನಡುವೆ ಇಟ್ಟು, "ಇದು ಗುಡ್ಡ," ಎಂದರು. ಅದರ ಸುತ್ತ ಹನ್ನೊಂದು ಹಸಿಮೆಣಸಿನಕಾಯಿ ಜೋಡಿಸಿದರು. ನನ್ನ ತಮ್ಮ ಮೆಣಸಿನಕಾಯಿಯಾಗಿ ಕೂತಿದ್ದನ್ನು ನೋಡುತ್ತಾ ನಾನು ರೊಟ್ಟಿ ಬಡಿಸಿದೆ.

"ಬಂಡಾಯ ಅಂದರೆ ಗಣಿತ, ವಾಸುಕಿ," ಎಂದರು ಕರ್ನಲ್. "ಸಾವಿರ ಜನಕ್ಕೆ ಇಪ್ಪತ್ತು ಸಿಪಾಯಿ ಅಂತ ಲೆಕ್ಕ. ಈ ಊರಲ್ಲಿ ಮೂರು ಸಾವಿರ ಜನ, ನಿನ್ನ ಹತ್ತಿರ ಅರವತ್ತು ಸಿಪಾಯಿ. ಲೆಕ್ಕ ಸರಿಯಾಗಿದೆ. ಆದರೂ ಒಬ್ಬನೂ ಸಿಕ್ಕಿಲ್ಲ. ಅಂದರೆ ತಪ್ಪು ಲೆಕ್ಕದಲ್ಲಿಲ್ಲ, ನಿನ್ನಲ್ಲಿದೆ."

"ಸರ್, ಗುಡ್ಡ ಹತ್ತಿ ಹನ್ನೊಂದು ಜನಾನ ಹೊಡೀಬಹುದು. ಈ ಊರಲ್ಲಿ ಅವರಿಗೆ ಇನ್ನೂರು ಜನ ನೆಂಟರಿದ್ದಾರೆ. ಮಾರನೇ ದಿನ ಅವರಲ್ಲಿ ನಲವತ್ತು ಜನ ಗುಡ್ಡ ಹತ್ತುತ್ತಾರೆ. ಆಗ ನಾವು ಗೆದ್ದ ಹಾಗೋ, ಸೋತ ಹಾಗೋ?"

"ಗೆದ್ದಿದ್ದೇವೆ ಅಂತ ಅಷ್ಟರಲ್ಲಿ ವರದಿ ಹೋಗಿರುತ್ತೆ."

"ಇನ್ನೊಂದು ಮಾತು ಸರ್. ತಾಲೀಮಿಗೆ ಅಂತ ತಗೊಂಡ ಆ ಗೋಮಾಳದಲ್ಲಿ ಮೂರು ವರ್ಷದಿಂದ ಒಂದು ಗುಂಡೂ ಹಾರಿಲ್ಲ. ಅದು ಬೇಡ ಅಂದೋರನ್ನ ಹುಡುಕೋದರಲ್ಲೇ ನಮ್ಮ ಹೊತ್ತೆಲ್ಲ ಹೋಗಿದೆ."

ಕರ್ನಲ್ ಕೈಗೆ ಸಿಕ್ಕದ್ದನ್ನು ಬಾಯಿಗಿಟ್ಟುಕೊಂಡರು, ಅದು ಮೆಣಸಿನಕಾಯಿ. ಕಣ್ಣಲ್ಲಿ ನೀರು ಬಂತು. ನಾನು ಮೊಸರು ತರುವಷ್ಟರಲ್ಲಿ ಸುಬೇದಾರ್ ಹುಸೇನಸಾಬ, "ನಮ್ಮ ಕಡಿಂದ ಒಬ್ಬ ಬಂಡುಕೋರ ಕಮ್ಮಿ ಆದ್ನಲ್ರೀ ಸಾಹೇಬ್ರ," ಎಂದ. ಸಿಪಾಯಿಗಳು ತಾಟಿಗೆ ಮುಖ ಬಗ್ಗಿಸಿ ನಕ್ಕರು.

ಮೊಸರು ಕುಡಿದು ಸುಧಾರಿಸಿಕೊಂಡ ಕರ್ನಲ್ ಚೀಲದಿಂದ ಒಂದು ಕಡತ ತೆಗೆದರು. ಅದರೊಳಗೆ ಎರಡು ಗಾಜಿನ ನಡುವೆ ಒಂದು ಹರಕು ಚೀಟಿ. ಹೋದ ಯುಗಾದಿಯ ಹೊತ್ತಿಗೆ ಹಿಂದಿನ ದಂಡಿನವರು ಯಮನೂರಿಯ ಜೋಳಿಗೆಯಲ್ಲಿ ಹಿಡಿದದ್ದಂತೆ. ರಾಜಧಾನಿಯಲ್ಲಿ ಮೂವರು ಪರಿಣತರು ಹತ್ತು ತಿಂಗಳು ಅದರ ಮುಂದೆ ಕೂತು ಅರ್ಥ ಬಿಡಿಸಿದ್ದಾರಂತೆ. ಕರ್ನಲ್ ಗಂಟಲು ಸರಿಮಾಡಿಕೊಂಡು ಓದಿದರು. "ಹಳೆಯ ಮೆತ್ತನೆ ಸೀರೆ ನಾಲ್ಕು. ಇದು ಬತ್ತಿ ಹೊಸೆಯಲು. ಅಂಟು ಅರ್ಧ ಸೇರು. ಮದ್ದು ಗಟ್ಟಿಯಾಗಿ ಕೂರಿಸಲು. ಕೊಬ್ಬರಿ ಬಟ್ಟಲು ಹತ್ತು. ಎಣ್ಣೆಗೆ. ಲೋಬಾನ. ಹೊಗೆಯ ಮರೆ ಮಾಡಲು. ಉತ್ತತ್ತಿ, ಅಜವಾನ, ಬಜೆ ಬೇರು. ಇವು ಮೂರು ಮಾತ್ರ ಗುಪ್ತ ಸಂಕೇತ, ಇನ್ನೂ ಬಿಡಿಸಬೇಕು. ಒಟ್ಟಿನಲ್ಲಿ ಗುಡ್ಡದ ಮೇಲೆ ದೊಡ್ಡದೊಂದು ಬಾಂಬು ತಯಾರಾಗ್ತಿದೆ."

ನಗು ಬಂತೋ ಅಳು ಬಂತೋ ನನಗೇ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬಂದವು. ಗೋಡೆಗೆ ಆತು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಅಯ್ಯ ಸಾಹೇಬ್ರ! ನಿಮ್ಮ ರಾಜಧಾನ್ಯಾಗ ಹೆಂಗಸರು ಯಾರೂ ಇಲ್ಲೇನ್ರಿ? ಇದು ಬಾಣಂತಿ ಸಾಮಾನು! ಅಂಟು, ಕೊಬ್ಬರಿ, ಉತ್ತತ್ತಿ ಅಂದ್ರ ಅಂಟಿನುಂಡಿ. ಬಜೆ ಕೂಸಿನ ನಾಲಿಗಿಗೆ ತೇದು ಹಚ್ಚಾಕ. ಲೋಬಾನ ಕೂಸಿಗೆ ಹೊಗಿ ಹಾಕಾಕ. ನನ್ನ ತಮ್ಮ ಅಪ್ಪ ಆಗ್ಯಾನ್ರೀ! ನಾ ಸೋದರತ್ತಿ ಆಗೀನಿ, ಆಗಿ ಒಂದು ವರ್ಷ ಆಗೇತಿ, ನನಗ ಗೊತ್ತಿಲ್ಲ!"

ಆಗಲೇ ನನಗೆ ಉಳಿದದ್ದೂ ಹೊಳೆದದ್ದು. ಚೀಟಿ ನನಗೆ ಬರೆದದ್ದು. ಓದು ಬಾರದ ಯಮನೂರಿಗೆ ಅದರಲ್ಲಿ ಏನಿತ್ತೆಂದು ತಿಳಿಯದು, ಅದು ಸಿಕ್ಕಿಬಿದ್ದದ್ದನ್ನು ಹೆದರಿ ಅವನು ನನಗೂ ಹೇಳಿರಲಿಲ್ಲ, ಗುಡ್ಡದಲ್ಲೂ ಹೇಳಿರಲಿಲ್ಲ. ಗುಡ್ಡದ ಮೇಲೆ ಸಾವಂತ್ರಿ ಹೆತ್ತು ಮಲಗಿ ಅಕ್ಕ ಇವತ್ತು ಕಳಿಸುತ್ತಾಳೆ, ನಾಳೆ ಕಳಿಸುತ್ತಾಳೆ ಎಂದು ದಾರಿ ನೋಡಿರಬೇಕು. ಒಂದು ಅಂಟಿನುಂಡಿ ಹೋಗಲಿಲ್ಲ, ಒಂದು ಹಳೆಯ ಸೀರೆ ಹೋಗಲಿಲ್ಲ. ಫಕೀರಪ್ಪ ವರ್ಷವಿಡೀ ಮಾತು ಬಿಟ್ಟದ್ದು ಅದಕ್ಕೆ.

ಕರ್ನಲ್ ನಂಬಲಿಲ್ಲ. ಹತ್ತು ತಿಂಗಳ ಪರಿಶ್ರಮವನ್ನು ಅಡುಗೆಯವಳೊಬ್ಬಳು ಒಂದು ಗಳಿಗೆಯಲ್ಲಿ ಬಾಣಂತನ ಮಾಡಿಬಿಟ್ಟರೆ ಯಾರು ನಂಬುತ್ತಾರೆ? "ಹತ್ತು ದಿನ ಕೊಡ್ತೀನಿ ವಾಸುಕಿ. ಅಷ್ಟರಲ್ಲಿ ಅವರನ್ನ ಕೆಳಗೆ ತಾ. ಹನ್ನೊಂದನೇ ದಿನ ಬೆಳಗ್ಗೆ ತೋಪು ಬರ್ತವೆ, ಗುಡ್ಡವನ್ನೇ ಹೊಡೀತೀವಿ," ಎಂದು ಹೇಳಿ ಜೀಪು ಹತ್ತಿದರು. ಕಡತ ಮಾತ್ರ ಮೇಜಿನ ಮೇಲೆ ಉಳಿಯಿತು.

ಅವತ್ತು ಸಂಜೆ ಕ್ಯಾಪ್ಟನ್ ಒಬ್ಬರೇ ಬಂದರು. ಒಬ್ಬರ ಅಡುಗೆ ಮಾಡಿದ್ದೆ, ಮುಟ್ಟಲಿಲ್ಲ. "ಅಕ್ಕಾ," ಎಂದರು, ಅಮ್ಮ ಅನ್ನುವುದು ಯಾವಾಗ ಅಕ್ಕ ಆಯಿತೋ, "ಅವರು ಕೆಳಗೆ ಬರೋದಕ್ಕೆ ಏನು ಮಾಡಬೇಕು?"

"ಏನ ಮಾಡತೀರಿ? ಅವರು ಹೊಂಟ್ರ ಹೆಜ್ಜಿ ಮೊದಲ ಬರತಾವ. ನಿಮ್ಮವರು ಬಂದೂಕ ಹಿಡಕೊಂಡ ಒಂದ ತಾಸು ಕಾದ ನಿಂತಿರತಾರ. ಯಾರ ಬರತಾರ ತಮ್ಮಾ?"

"ನಾನು ಮಾತು ಕೊಟ್ಟರೆ?"

"ಕೂಸಿಗೆ ಇನ್ನೂ ಹೆಸರ ಇಟ್ಟಿರಾಕಿಲ್ಲ," ಎಂದೆ, ಅವರಿಗಿಂತ ನನಗೆ ನಾನೇ ಹೇಳಿಕೊಂಡಂತೆ. "ನಮ್ಮಲ್ಲಿ ಸೋದರತ್ತಿ ಕಿವ್ಯಾಗ ಹೇಳಿದ್ರನ ಹೆಸರು. ನಾ ಇರೂತನ ಫಕೀರ ಬ್ಯಾರೆಯವರ ಕಡಿಂದ ಹೇಳಸಾಕಿಲ್ಲ, ಎಷ್ಟ ಸಿಟ್ಟ ಇದ್ರೂ."

ಕ್ಯಾಪ್ಟನ್ ಕರ್ನಲ್ಲರ ಕಡತ ತೆರೆದು, ಆ ಗಾಜು ಬಿಚ್ಚಿ ಚೀಟಿಯನ್ನು ಹೊರತೆಗೆದರು. ಅದರ ಹಿಂಬದಿಯಲ್ಲಿ ಬರೆದು ನನಗೆ ಓದಿ ಹೇಳಿದರು. "ಈ ಚೀಟಿಯನ್ನು ತಡೆದವರು ನಾವು. ನಿಮ್ಮ ಅಕ್ಕನಿಗೆ ಇದು ತಲುಪಿದ್ದು ಇವತ್ತು. ತಪ್ಪು ಸೈನ್ಯದ್ದು, ಕ್ಷಮಿಸಿ. ಮಗುವಿಗೆ ಹೆಸರಿಡಲು ಬನ್ನಿ. ನಿಮ್ಮ ಹೆಜ್ಜೆ ಕೇಳಿದ ಮೇಲೆ ನನ್ನ ದಂಡಿನ ಒಂದು ಬಂದೂಕೂ ಚಾವಡಿಯಿಂದ ಹೊರಗೆ ಬರುವುದಿಲ್ಲ." ಕೆಳಗೆ ಸಹಿ, ಮುದ್ರೆ. ಹುಸೇನಸಾಬ ನೋಡಿ ತಲೆ ಮೇಲೆ ಕೈ ಹೊತ್ತ. "ಮೂವತ್ತ ವರ್ಷದಾಗ ಏಳ ಸಾಹೇಬ್ರನ್ನ ನೋಡೀನ್ರಿ. ಗುಂಡಿಗೆ ಎದಿ ಕೊಟ್ಟವರನ್ನ ನೋಡೀನಿ. ತಪ್ಪಾತು ಅಂತ ಬರದ ಕೊಟ್ಟವರನ್ನ ನೋಡಿಲ್ಲ," ಎಂದ.

ಮರುದಿನವೆಲ್ಲ ನಾನು ಅಂಟಿನುಂಡಿ ಕಟ್ಟಿದೆ. ಒಂದು ವರ್ಷ ತಡವಾದ ಅಂಟಿನುಂಡಿ, ಆದರೂ ಅಂಟಿನುಂಡಿಯೇ. ದಂಡಿನ ದರ್ಜಿ ಕ್ಯಾಪ್ಟನ್ನರ ಮೆರವಣಿಗೆಯ ಕೋಟಿನ ಒಳಗಿನ ರೇಷ್ಮೆ ಬಿಚ್ಚಿ ಕೂಸಿನ ತಲೆಗೆ ಕಟ್ಟುವ ಒಂದು ಕುಂಚಿಗೆ ಹೊಲಿದ. ಅಂಚಿಗೆ ಹಚ್ಚಲು ಗೆಜ್ಜೆ ಸಿಗದೆ ಅಂಗಿಯ ಹಿತ್ತಾಳೆ ಗುಂಡಿ ಹಚ್ಚಿದ. ಎಲ್ಲವನ್ನೂ ಗಂಟು ಕಟ್ಟಿ ಯಮನೂರಿಯ ಜೋಳಿಗೆಯಲ್ಲಿಟ್ಟೆವು. ಆಮೇಲೆ ಕಾಯುವುದಷ್ಟೇ ಉಳಿಯಿತು. ಮೂರು ದಿನವಾಯಿತು, ಐದಾಯಿತು, ಏಳಾಯಿತು. ಒಲೆಯ ಮುಂದೆ ಕೂತರೂ ನನ್ನ ಕಿವಿ ಹೊಸ್ತಿಲಲ್ಲೇ ಇರುತ್ತಿತ್ತು. ಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕಿದೆ, ಒಬ್ಬ ಸಿಪಾಯಿಯೂ ಚಕಾರ ಎತ್ತಲಿಲ್ಲ.

ಒಂಬತ್ತನೆಯ ದಿನ ಕರ್ನಲ್ ಮತ್ತೆ ಬಂದರು. ತೋಪುಗಳು ಹೊಳೆ ದಾಟಿವೆ, ನಾಡಿದ್ದು ಬೆಳಗ್ಗೆ ಇಲ್ಲಿರುತ್ತವೆ ಎಂದರು. ಮಧ್ಯಾಹ್ನದ ಊಟದ ಹೊತ್ತು, ದಂಡೆಲ್ಲ ಖಾನಾವಳಿಯಲ್ಲಿತ್ತು, ಬಾಗಿಲ ಕಾವಲನ್ನು ಕ್ಯಾಪ್ಟನ್ ಆಗಲೇ ತೆಗೆಸಿದ್ದರು, ಬಂದೂಕುಗಳು ಚಾವಡಿಯಲ್ಲಿದ್ದವು. ಕರ್ನಲ್ ರೊಟ್ಟಿ ಮುರಿದು ಬಾಯಿಗಿಡಬೇಕು, ಆಗ ಹೊಸ್ತಿಲಲ್ಲಿ ಹೆಜ್ಜೆ ಬಂದವು. ಒಂದು ಜೋಡಿ, ಎರಡು, ನಾಲ್ಕು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಏಳು, ಒಂಬತ್ತು. ಹನ್ನೊಂದನೆಯದು ಎಡಗಾಲು ಸ್ವಲ್ಪ ಎಳೆದಂತೆ ಇತ್ತು. ಹುಣಸೆಮರದಿಂದ ಬಿದ್ದಾಗಿನಿಂದ ಆ ಕಾಲು ಹಾಗೆಯೇ, ಆ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. "ಬಂದ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಕರ್ನಲ್ಲರ ಕಡೆ ನೋಡಿದೆ. ನಮ್ಮೂರು ಹೊಸ್ತಿಲ ತನಕ ತಲುಪಿಸುತ್ತದೆ, ಖಂಡಿತ ತಲುಪಿಸುತ್ತದೆ. ಆಮೇಲೆ ಏನಾಗುತ್ತದೆಂದು ಅದಕ್ಕೆ ಗೊತ್ತಿಲ್ಲ.

ಕರ್ನಲ್ ಎದ್ದು ನಿಂತರು. "ಒಂದು ತಾಸು ಇದೆ. ವಾಸುಕಿ, ಮನೆ ಸುತ್ತ ಜನ ನಿಲ್ಲಿಸು. ಸುಬೇದಾರ್, ಬಂದೂಕು ತರಿಸು."

"ಸರ್, ನಾನು ಮಾತು ಕೊಟ್ಟಿದ್ದೀನಿ," ಎಂದರು ಕ್ಯಾಪ್ಟನ್. ಬರೆದು ಕೊಟ್ಟದ್ದನ್ನೂ ಹೇಳಿದರು.

"ಬರೆದು? ಸಹಿ ಹಾಕಿ? ಆ ಅಧಿಕಾರ ನಿನಗೆ ಯಾರು ಕೊಟ್ಟರು?"

"ಯಾರೂ ಕೊಡಲಿಲ್ಲ ಸರ್. ನನ್ನ ಮೇಲೆ ಏನು ಕ್ರಮ ಬೇಕಾದರೂ ತಗೊಳ್ಳಿ, ತಪ್ಪು ಒಪ್ಕೋತೀನಿ. ಆದರೆ ಆ ಮಾತು ಮುರಿದರೆ ಇನ್ನು ಮುಂದೆ ಈ ಊರಲ್ಲಿ ಯಾವ ಅಧಿಕಾರಿಯ ಮಾತನ್ನೂ ಯಾರೂ ನಂಬಲ್ಲ. ತೋಪು ಎಷ್ಟು ತಂದರೂ ಅದು ವಾಪಸ್ ಬರಲ್ಲ." ಸೊಂಟದ ಪಟ್ಟಿ ಬಿಚ್ಚಿ ನನ್ನ ರೊಟ್ಟಿ ಬಡಿಯುವ ಕೊಣಮಿಗೆಯ ಪಕ್ಕದಲ್ಲಿಟ್ಟರು.

"ಸುಬೇದಾರ್!" ಎಂದರು ಕರ್ನಲ್.

ಹುಸೇನಸಾಬ ಎದ್ದು ಸೆಟೆದು ನಿಂತ. ಆಮೇಲೆ ನಿಧಾನವಾಗಿ ಕೊಣಮಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಳದ ಹಿಟ್ಟಿಗೆ ಎರಡೂ ಕೈ ಹಾಕಿದ. "ಹೊಂಟೆ ಸಾಹೇಬ್ರ. ಹನ್ನೊಂದ ಮಂದಿ ಹೆಚ್ಚಾದ್ರಲ್ರೀ, ಈ ಯವ್ವಗ ಒಂದೀಟ ಹಿಟ್ಟ ನಾದಿ ಕೊಟ್ಟು, ಕೈ ತೊಳಕೊಂಡು ಹೊಂಟೆ." ಸೈಕಲ್ಲಿನಿಂದ ಬಿದ್ದಿದ್ದ ಸಿಪಾಯಿ ಎದ್ದು ಇನ್ನೊಂದು ಕೊಣಮಿಗೆಗೆ ಕೈ ಹಾಕಿದ. ಅವನ ಹಿಂದೆ ಇಬ್ಬರು, ಆಮೇಲೆ ಹತ್ತು ಮಂದಿ. 'ಬ್ಯಾಡ್ರೋ, ನನ್ನ ಹಿಟ್ಟ ಕೆಡಸತೀರಿ' ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡು ಓಣಿಯ ಮನೆಗಳಿಂದ ಕೊಣಮಿಗೆ ತರಿಸಿದೆ. ಎರಡು ನಿಮಿಷದಲ್ಲಿ ಅರವತ್ತು ಸಿಪಾಯಿಗಳ ಮೊಳಕೈ ತನಕ ಹಿಟ್ಟು ಮೆತ್ತಿತ್ತು. ಅಂಥ ಕೈಯಲ್ಲಿ ಬಂದೂಕು ಹಿಡಿಯಲಾದೀತೇ? ಕರ್ನಲ್ ಕೆಂಪಾಗಿ ಏನೋ ಹೇಳಲು ಹೊರಟರು.

ಆಗ ಬಂತು ಆ ಸದ್ದು. ಹೊಸ್ತಿಲ ಒಳಗಿನಿಂದ, ತೀರ ಸಣ್ಣದು. ತಪ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ತಪ್, ತಪ್. ಕೊನೆಗೆ ಧಪ್ಪೆಂದು ಏನೋ ಬಿತ್ತು.

"ಅದೇನು?" ಎಂದರು ಕರ್ನಲ್.

"ಅದಾ?" ಎಂದೆ, ನನ್ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ಅದು ನಿಮ್ಮ ಬಾಂಬ್ರೀ ಸಾಹೇಬ್ರ."

ಕರ್ನಲ್ ಆ ಹೊಸ್ತಿಲನ್ನೇ ನೋಡುತ್ತಾ ನಿಂತು, ಮೆಲ್ಲಗೆ ಬೆಂಚಿನ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮೂರು ಹೆಜ್ಜೆ," ಎಂದರು. "ನಾಲ್ಕು ಇರಬೇಕು ಸರ್," ಎಂದರು ಕ್ಯಾಪ್ಟನ್. "ಮೂರೇ. ನಾನು ಎಣಿಸಿದೀನಿ." ಹುಸೇನಸಾಬನನ್ನು ಕೇಳಿದರು, ಅವನೂ ಮೂರು ಎಂದ. ಕರ್ನಲ್ ಬೆತ್ತದ ತುದಿಯಿಂದ ನೆಲ ಕೆರೆಯುತ್ತಾ, "ನನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗ ನಾನು ಗಡಿಯಲ್ಲಿದ್ದೆ. ಕಾಗದದಲ್ಲಿ ಓದಿದೆ," ಎಂದರು. ಯಾರಿಗೆ ಹೇಳಿದರೋ. ಬಂದೂಕಿನ ಮಾತು ಮತ್ತೆ ಎತ್ತಲಿಲ್ಲ. ನಾನು ಹೋಳಿಗೆಗೆ ಬೇಳೆ ಇಟ್ಟೆ.

ಒಂದು ತಾಸಿಗೆ ಅವರು ಬಂದರು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು, ಭುಜದ ಮೇಲೆ ಆ ತುಕ್ಕು ಹಿಡಿದ ಬಂದೂಕುಗಳು. ಕೊನೆಯಲ್ಲಿ ಫಕೀರಪ್ಪ, ಅವನ ಹೆಗಲ ಮೇಲೆ ಹಿತ್ತಾಳೆ ಗುಂಡಿಯ ಕುಂಚಿಗೆ ಹಾಕಿಕೊಂಡ ಒಂದು ದುಂಡು ಕೂಸು. ಹೊಸ್ತಿಲೊಳಗೆ ಬಂದವನು ಅರವತ್ತು ಸಿಪಾಯಿಗಳು ಹಿಟ್ಟಿನ ಕೈ ಎತ್ತಿಕೊಂಡು ಕೂತದ್ದನ್ನು ನೋಡಿ ಬೆಪ್ಪಾದ. ಆಮೇಲೆ ಗಟ್ಟಿಯಾಗಿ, "ನಾವು ಶರಣಾಗಾಕ ಬಂದಿಲ್ಲ, ಹೆಸರಿಡಾಕ ಬಂದೀವಿ," ಎಂದ. ನನ್ನ ಕಡೆ ತಿರುಗಿದಾಗ ಆ ಗಟ್ಟಿತನವೆಲ್ಲ ಹೋಯಿತು. "ಅಕ್ಕಾ, ಚೀಟಿ ನಿನಗ ಮುಟ್ಟೇ ಇರಲಿಲ್ಲಂತ. ನಾ ನಿನ್ನ ಮ್ಯಾಲ..."

"ಸುಮ್ಮನಿರು ಮೂಳ," ಎಂದೆ. "ಕೂಸನ್ನ ಕೆಳಗ ಬಿಡು."

"ಇನ್ನೂ ನಡಿಯಾಕಿಲ್ಲಕ್ಕಾ," ಎಂದಳು ಸಾವಂತ್ರಿ. "ಹಿಡಕೊಂಡ ನಿಂದರತೈತಿ, ಅಷ್ಟ."

"ಇವತ್ತ ನಡೀತೈತಿ, ಬಿಡು."

ಗಂಡಹೆಂಡಿರಿಗೆ ಏನೂ ತಿಳಿಯಲಿಲ್ಲ. ಇಡೀ ದಂಡು ಬಾಗಿ ಒಂದು ಕೂಸಿನ ಪಾದ ನೋಡುತ್ತಿತ್ತು. ಕೂಸು ಬಾಗಿಲ ಚೌಕಟ್ಟು ಹಿಡಿದು ನಿಂತಿತು, ಸುತ್ತ ನೋಡಿತು, ಕರ್ನಲ್ಲರ ಟೋಪಿಯ ಜರಿ ಅದರ ಕಣ್ಣಿಗೆ ಬಿತ್ತು. ಚೌಕಟ್ಟು ಬಿಟ್ಟಿತು. ಒಂದು ಹೆಜ್ಜೆ. ತೂಗಾಡಿ ನಿಂತಿತು. ಎರಡು, ಮೂರು. ಮೂರನೆಯದಾದ ಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ತಪ್ಪಿಸುವ ಹಾಗಿಲ್ಲವೆಂದೂ ಗೊತ್ತಿತ್ತು. ಐವತ್ತು ದಾಟಿದ ಆ ಮನುಷ್ಯ ಮಂಡಿಯೂರಿ ಮುಂದಕ್ಕೆ ಬಿದ್ದು ಟೋಪಿಯನ್ನು ನೆಲಕ್ಕೆ ಚಾಚಿದ. ಕೂಸು ಅದರ ಮೇಲೆ ಧಪ್ಪೆಂದು ಕೂತಿತು. ಟೋಪಿ ಅಪ್ಪಚ್ಚಿಯಾಯಿತು. ಕೂಸು ನಕ್ಕಿತು. ಖಾನಾವಳಿಯ ಮಾಡು ಹಾರುವಂತೆ ದಂಡು ಕೂಗಿತು, ಬಂಡುಕೋರರೂ ಕೂಗಿದರು, ಯಾರ ಬೆನ್ನಿಗೆ ಯಾರ ಹಿಟ್ಟಿನ ಕೈ ಬಿತ್ತೋ ಲೆಕ್ಕವಿಲ್ಲ.

ಕೂಸನ್ನು ಟೋಪಿಯ ಸಮೇತ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಹೆಣ್ಣುಕೂಸು, ಅವ್ವನದೇ ಮೂಗು. ಅದರ ಕಿವಿಗೆ ಬಾಯಿಟ್ಟು "ಕುರ್ ಕುರ್ರ್" ಎಂದು, ಅವ್ವನ ಹೆಸರನ್ನೇ ಹೇಳಿದೆ, ತುಂಗವ್ವ. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಓಣಿಯ ಹೆಂಗಸರು ಮೂರು ವರ್ಷದ ಬಾಕಿಯೆಲ್ಲ ತೀರಿಸಿಕೊಂಡರು. ಸಿಪಾಯಿಗಳೂ ಸಾಲು ನಿಂತರು. ಅಷ್ಟು ಗುದ್ದು ತಿಂದು ಅಷ್ಟು ಸುಖಪಟ್ಟವಳು ನಾನೊಬ್ಬಳೇ ಇರಬೇಕು.

ಊಟಕ್ಕೆ ಕ್ಯಾಪ್ಟನ್ ಎಂದಿನಂತೆ ಕೊನೆಗೆ ಕೂತರು. ಆ ದಿನ ಕರ್ನಲ್ಲರೂ ಅವರಿಗಾಗಿ ಕಾದರು. ಹೋಳಿಗೆ ತಿನ್ನುತ್ತಾ ಫಕೀರಪ್ಪನನ್ನು ಕೇಳಿದರು, "ಆ ಗೋಮಾಳದಲ್ಲಿ ಎಷ್ಟು ಕುರಿ ಮೇಯ್ತವೆ?"

"ಎರಡ ಸಾವಿರ ಅದಾವ್ರಿ."

"ಎರಡು ಸಾವಿರ ಕುರಿ ನಡುವೆ ತೋಪಿನ ತಾಲೀಮು ಯುದ್ಧಶಾಸ್ತ್ರದ ಪ್ರಕಾರ ದೊಡ್ಡ ತಪ್ಪು. ಬರೆದುಕೋ ವಾಸುಕಿ, ನಾನು ಸಹಿ ಹಾಕ್ತೀನಿ. ತೋಪು ವಾಪಸ್ ಹೋಗಲಿ. ನಿನ್ನ ಪಟ್ಟಿ ಆ ಹಿಟ್ಟಲ್ಲಿ ಬಿದ್ದಿದೆ, ಎತ್ತಿ ಕಟ್ಕೋ."

ಎಲ್ಲ ಮುಗಿದ ಮೇಲೆ ಫಕೀರಪ್ಪ ಎದ್ದ. ಕೈ ತೊಳೆದು, ಒರೆಸಿಕೊಂಡು, ಎರಡೂ ಕೈ ಜೋಡಿಸಿ ಕರ್ನಲ್ಲರ ಮುಂದೆ ಚಾಚಿದ. ವಾರಂಟು ಇನ್ನೂ ಇತ್ತಲ್ಲ, ಅದನ್ನು ಅವನೂ ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ. ನಗು ಎಲ್ಲ ನಿಂತುಹೋಯಿತು. ನಾನು ತೊಡೆಯ ಮೇಲಿದ್ದ ಕೂಸನ್ನು ಹತ್ತಿರಕ್ಕೆ ಎಳೆದುಕೊಂಡೆ.

ಕರ್ನಲ್ ಆ ಕೈಗಳನ್ನು ನೋಡಿದರು, ತಮ್ಮ ಬೋಳು ತಲೆ ಸವರಿಕೊಂಡರು. "ಟೋಪಿ ಇಲ್ಲದ ಅಧಿಕಾರಿ ಸಲ್ಯೂಟ್ ಕೂಡ ಹೊಡೆಯೋ ಹಾಗಿಲ್ಲ, ಯಾರನ್ನಾದರೂ ಬಂಧಿಸೋದು ಹೇಗೆ?" ಎಂದು ನನ್ನ ತೊಡೆಯ ಮೇಲಿದ್ದ ಟೋಪಿಗೆ ಕೈ ಹಾಕಿದರು. ತುಂಗವ್ವ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಓಣಿಗೆಲ್ಲ ಕೇಳುವಂತೆ ಚೀರಿತು. ಕರ್ನಲ್ ಕೈ ಹಿಂದೆ ತೆಗೆದರು. "ಇರಲಿ ಬಿಡಿ. ಅವಳಾಗಿ ಕೊಟ್ಟ ದಿನ ನೋಡೋಣ," ಎಂದರು.

ಫಕೀರಪ್ಪ ಚಾಚಿದ ಕೈ ಇಳಿಸದೆ ನನ್ನ ಮುಖ ನೋಡಿದ. ನಾನು ಬಗ್ಗಿ, ಈಗಷ್ಟೇ ಹೆಸರು ಹೇಳಿದ ಆ ಕಿವಿಗೇ ಬಾಯಿಟ್ಟು ಹೇಳಿದೆ: "ಕೊಡಬ್ಯಾಡ ನನ್ನವ್ವ, ಸಾಯೂತನ ಕೊಡಬ್ಯಾಡ."